ಹೋಬಳಿ ಅಂಕಣದಿಂದ ವಿಶ್ವಕಪ್‌ಗೆ: ಮಹಿಳಾ ಖೋ ಖೋ ತಂಡ ಬೆಳೆದ ಬಗೆ

ಭಾರತದ ಮಹಿಳಾ ಖೋ ಖೋ ತಂಡದ ಚರಿತ್ರೆಯನ್ನು ದೆಹಲಿಯಿಂದ ಬರೆಯಲು ಹೊರಟರೆ ಒಂದೇ ಪುಟಕ್ಕೆ ಮುಗಿದುಹೋಗುತ್ತದೆ. 2025ರ ಜನವರಿ 19ರಂದು ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿ ಮೊಟ್ಟಮೊದಲ ವಿಶ್ವಕಪ್ ಗೆದ್ದ ತಂಡ ಅದು. ಅದಕ್ಕೂ ಹಿಂದೆ ಎರಡು ಬಾರಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ, ಏಷ್ಯನ್ ಚಾಂಪಿಯನ್‌ಷಿಪ್‌ಗಳು, ಬೆರಳೆಣಿಕೆಯಷ್ಟು ಅರ್ಜುನ ಪ್ರಶಸ್ತಿ. ಇಷ್ಟೇ. ಆದರೆ ಈ ತಂಡ ಹುಟ್ಟಿದ್ದು ದೆಹಲಿಯಲ್ಲಿ ಅಲ್ಲ. ಅದರ ಬೇರು ಇರುವುದು ಶಾಲೆಯ ಬಯಲಿನಲ್ಲಿ, ಹೋಬಳಿ ಮಟ್ಟದ ಪಂದ್ಯಗಳಲ್ಲಿ. ಮಂಡ್ಯ ಜಿಲ್ಲೆಯ ನಮ್ಮ ಪಾಂಡವಪುರ ಉಪವಿಭಾಗದ ಲೆಕ್ಕ ಹಿಡಿದರೆ ಶ್ರೀರಂಗಪಟ್ಟಣದ 4, ಪಾಂಡವಪುರದ 3, ಕೆ.ಆರ್. ಪೇಟೆಯ 6, ನಾಗಮಂಗಲದ 5, ಒಟ್ಟು 18 ಹೋಬಳಿಗಳು. ಬೂಕನಕೆರೆಯಾಗಲಿ ಬಿಂಡಿಗನವಿಲೆಯಾಗಲಿ, ಚಿನಕುರಳಿಯಾಗಲಿ ಅರಕೆರೆಯಾಗಲಿ, ಶಾಲಾ ಕ್ರೀಡಾಕೂಟದ ದಿನ ಬಾಲಕಿಯರ ಖೋ ಖೋ ಅಂಕಣದ ಸುತ್ತ ನಿಂತ ಜನವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನವರಿಗಾಗಿ ಹೇಳಬೇಕು. ಆಷಾಢದ ಗಾಳಿ ಇನ್ನೂ ಪೂರ್ತಿ ನಿಂತಿರುವುದಿಲ್ಲ. ಹಿಂದಿನ ಸಂಜೆಯೇ ಮಕ್ಕಳು ಸಾಲಾಗಿ ನಡೆದು ಬಯಲಿನ ಕಲ್ಲು ಆರಿಸಿರುತ್ತಾರೆ. ನೀರು ಚಿಮುಕಿಸಿ ಧೂಳು ಅಡಗಿಸಿರುತ್ತಾರೆ. ದೈಹಿಕ ಶಿಕ್ಷಕರು ದಾರ ಹಿಡಿದು, ಸುಣ್ಣದ ಪುಡಿಯನ್ನು ಬೆರಳ ಸಂದಿಯಿಂದ ಉದುರಿಸುತ್ತ ಬಗ್ಗಿಕೊಂಡೇ ಹಿಂದೆ ಹಿಂದೆ ನಡೆಯುತ್ತಾರೆ. ಒಂದು ಗೆರೆ ಸೊಟ್ಟಗಾದರೆ ಮರುದಿನ ಸೋತ ಶಾಲೆಯವರು ಮೊದಲು ಎತ್ತುವ ತಕರಾರು ಅದೇ. ಎರಡು ಕಂಬಗಳನ್ನು ನೆಟ್ಟು, ಮಣ್ಣು ದಮ್ಮಸ್ಸು ಮಾಡಿ, ಅಲುಗಾಡುತ್ತವೆಯೇ ಎಂದು ಪ್ರತಿ ತಂಡದ ನಾಯಕಿಯೂ ಬಂದು ಒಮ್ಮೆ ಜಗ್ಗಿ ನೋಡುತ್ತಾಳೆ. ಅಷ್ಟಾದರೆ ಆಟಕ್ಕೆ ಬೇಕಾದ ಸಾಮಗ್ರಿ ಮುಗಿಯಿತು. ಚೆಂಡಿಲ್ಲ, ಬ್ಯಾಟಿಲ್ಲ, ಬಲೆಯಿಲ್ಲ, ಬೂಟು ಕೂಡ ಬೇಕಿಲ್ಲ.

ಹೀಗೆ ಏನೂ ಬೇಡದ ಆಟವಾಗಿದ್ದರಿಂದಲೇ ಅದು ಹೆಣ್ಣುಮಕ್ಕಳ ಪಾಲಿಗೆ ಉಳಿಯಿತು ಎಂಬುದು ನನ್ನ ಎಣಿಕೆ. ನಮ್ಮ ಸೀಮೆಯಲ್ಲಿ ಗಂಡಸರ ಮೈಕಟ್ಟಿಗೆ ಹಿಂದಿನಿಂದಲೂ ಒಂದು ಮನೆ ಇತ್ತು, ಗರಡಿ ಮನೆ. ಅಲ್ಲಿ ಉಸ್ತಾದರಿದ್ದರು, ಕೆಮ್ಮಣ್ಣಿನ ಅಖಾಡವಿತ್ತು, ಹನುಮಂತನ ಪಟವಿತ್ತು, ಊರಿನ ದುಡ್ಡಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದ ಮೇಲೆ ಮೈಸೂರು ಸೀಮೆಯ ಪೈಲ್ವಾನರಿಗೆ ಅರಮನೆಯ ಆಸರೆಯೂ ಸಿಕ್ಕಿತು. ಹುಡುಗಿಯರಿಗೆ ಇದ್ದದ್ದು ಕುಂಟೆಬಿಲ್ಲೆ, ಅಳಿಗುಳಿಮಣೆ, ಅದೂ ಮೈನೆರೆಯುವವರೆಗೆ. ಗರಡಿ ಮನೆಯ ಹೊಸ್ತಿಲನ್ನು ಅವರು ದಾಟುವಂತಿರಲಿಲ್ಲ. ಅವರಿಗೆ ಓಡಲು, ಕೂಗಲು, ಬಿದ್ದು ಏಳಲು ಯಾರೂ ಬೇಡವೆನ್ನದ ಜಾಗ ಅಂತ ಒಂದು ಸಿಕ್ಕಿದ್ದು ಸರ್ಕಾರಿ ಪ್ರೌಢಶಾಲೆಯ ಬಯಲಿನಲ್ಲಿ, ಡ್ರಿಲ್ ಪೀರಿಯಡ್ಡಿನಲ್ಲಿ. ಹಾಗಾಗಿ ಮಹಿಳಾ ಖೋ ಖೋದ ಸಾಂಸ್ಥಿಕ ಚರಿತ್ರೆ ಎಂದರೆ ಒಂದು ಲೆಕ್ಕದಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲಾ ಶಿಕ್ಷಣದ ಚರಿತ್ರೆಯೇ. 2006-07ರಲ್ಲಿ ಸರ್ಕಾರ 8ನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ್ದನ್ನು ಕ್ರೀಡಾ ಇತಿಹಾಸಕಾರರು ಯಾರೂ ಬರೆದುಕೊಂಡಿರಲಿಕ್ಕಿಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಹೆಚ್ಚಿಗೆ ನಿಂತು ಆಡಿ, ಕತ್ತಲಾಗುವ ಮುಂಚೆ ಮನೆ ಸೇರಬಹುದು ಎಂಬ ಧೈರ್ಯ ಬಂದದ್ದು ಆ ಸೈಕಲ್ಲಿನಿಂದ.

ಆಟಕ್ಕೆ ನಿಯಮದ ಚೌಕಟ್ಟು ಬಂದದ್ದು ಮಾತ್ರ ಮಹಾರಾಷ್ಟ್ರದಿಂದ. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಮೊದಲ ನಿಯಮಾವಳಿ ಮಾಡಿತು. ಸ್ವಾತಂತ್ರ್ಯಾನಂತರ ಅಖಿಲ ಭಾರತ ಮಟ್ಟದ ಸಂಸ್ಥೆ ರೂಪುಗೊಂಡು, 1959-60ರಲ್ಲಿ ವಿಜಯವಾಡದಲ್ಲಿ ಪುರುಷರ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. ಮರುವರ್ಷವೇ, 1960-61ರಲ್ಲಿ, ಕೊಲ್ಹಾಪುರದಲ್ಲಿ ಮಹಿಳೆಯರದ್ದು. ಈ ಒಂದು ವರ್ಷದ ಅಂತರವನ್ನು ಗಮನಿಸಬೇಕು. ಭಾರತದ ಮಹಿಳೆಯರು ತಮ್ಮ ಮೊದಲ ಕ್ರಿಕೆಟ್ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ. ಪುರುಷರು ಆಡಿ 44 ವರ್ಷಗಳಾದ ಮೇಲೆ. ಖೋ ಖೋದಲ್ಲಿ ಹೆಣ್ಣುಮಕ್ಕಳು ಬಹುಮಟ್ಟಿಗೆ ಮೊದಲಿಂದಲೇ ಅಂಕಣದಲ್ಲಿದ್ದರು. 1963-64ರಿಂದ ವೈಯಕ್ತಿಕ ಪ್ರಶಸ್ತಿಗಳೂ ಬಂದವು. ಪುರುಷರಿಗೆ ಏಕಲವ್ಯ, ಮಹಿಳೆಯರಿಗೆ ಝಾನ್ಸಿ ಲಕ್ಷ್ಮೀಬಾಯಿ. ಕಿರಿಯ ಬಾಲಕಿಯರಿಗೆ ಜಾನಕಿ, ಅವರಿಗಿಂತ ಚಿಕ್ಕವರಿಗೆ ಇಳಾ ಎಂಬ ಪ್ರಶಸ್ತಿಗಳೂ ಸೇರಿಕೊಂಡವು. ಇಳಾದಿಂದ ಜಾನಕಿಗೆ, ಜಾನಕಿಯಿಂದ ಲಕ್ಷ್ಮೀಬಾಯಿಗೆ ಏರುವ ಮೆಟ್ಟಿಲು ಇದು. 1971ರಲ್ಲಿ ಅಚಲಾ ದೇವರೆ ಅರ್ಜುನ ಪ್ರಶಸ್ತಿ ಪಡೆದರು.

ಆಟದ ಒಳಗುಟ್ಟನ್ನು ಇಲ್ಲಿ ಸ್ವಲ್ಪ ಹೇಳದೆ ಮುಂದೆ ಹೋದರೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ. ಹಳೆಯ ಪದ್ಧತಿಯ ಆಟದಲ್ಲಿ ಅಟ್ಟಿಸುವ ತಂಡದ 9 ಮಂದಿಯಲ್ಲಿ 8 ಮಂದಿ ನಡುಗೆರೆಯ ಚೌಕಗಳಲ್ಲಿ ಒಬ್ಬರು ಇತ್ತ, ಒಬ್ಬರು ಅತ್ತ ಮುಖ ಮಾಡಿ ಕೂರುತ್ತಾರೆ. ಒಬ್ಬಳು ಓಡುತ್ತಾಳೆ. ಎದುರಾಳಿಗಳು ಮೂವರ ಬ್ಯಾಚಿನಲ್ಲಿ ಒಳಗೆ ಬರುತ್ತಾರೆ. ಓಡಿಸಿಕೊಳ್ಳುವವಳು ಕೂತವರ ನಡುವೆ ನುಸುಳಬಹುದು, ಅಟ್ಟಿಸುವವಳು ನುಸುಳುವಂತಿಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವ ತನಕ ಅವಳು ಬದಲಿಸುವಂತೆಯೂ ಇಲ್ಲ. ಆದ್ದರಿಂದ ಅವಳು ಕೂತವಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು. ಸ್ಪರ್ಶ ಮೊದಲು, ಕೂಗು ಆಮೇಲೆ; ಮುಟ್ಟುವ ಮೊದಲೇ ಕೂತವಳು ಎದ್ದರೆ ಸೀಟಿ ಬಿತ್ತೆಂದೇ ಲೆಕ್ಕ. ಓಡುವವರಿಗೆ ಚೈನ್ ಆಟ ಬರಬೇಕು. ಎಂದರೆ ಕೂತವರ ನಡುವೆ ಒಂದು ಬಿಟ್ಟು ಒಂದರಂತೆ ಹೆಣೆದುಕೊಂಡು ಸಾಗುವುದು. ಅದು ಬೇಸರ ಬರಿಸುವಷ್ಟು ನಿಧಾನವಾಗಿ ಕಾಣುತ್ತದೆ, ಆದರೆ ಒಂದು ಹೆಜ್ಜೆ ಎಡವಿದರೆ ಔಟ್. ಅಟ್ಟಿಸುವವರ ಆಟವೆಲ್ಲ ಕಂಬದ ಬಳಿ. ವೇಗವಾಗಿ ಬಂದು, ಕಂಬವನ್ನು ಒಂದು ಕೈಯಲ್ಲಿ ಬಾಚಿ, ಇಡೀ ಮೈಯನ್ನು ನೆಲಕ್ಕೆ ಸಮವಾಗಿ ಚೆಲ್ಲಿ ಇನ್ನೊಂದು ಕೈಯಿಂದ ಎದುರಾಳಿಯ ಹಿಮ್ಮಡಿ ಮುಟ್ಟುವುದು ಪೋಲ್ ಡೈವ್. ನಾಗಮಂಗಲದ ನೊರಜುಗಲ್ಲಿನ ಬಯಲಿನಲ್ಲಿ ಹೀಗೆ ಬಿದ್ದವಳ ಮೊಣಕೈ ಏನಾಗುತ್ತದೆ ಎಂಬುದು ಅವಳ ಅಮ್ಮನಿಗೆ ಗೊತ್ತು.

ರಾಷ್ಟ್ರೀಯ ತಂಡ ಎಂಬುದಕ್ಕೆ ಬಹುಕಾಲ ಕೆಲಸವೇ ಇರಲಿಲ್ಲ, ಆಡಲು ಇನ್ನೊಂದು ದೇಶ ಬೇಕಲ್ಲ! 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಖೋ ಖೋ ಪ್ರದರ್ಶನ ಆಟವಾಗಿ ಕಾಣಿಸಿಕೊಂಡಿತು. ಪದಕವಿಲ್ಲದ ಆಟ, ನೋಡಿ ಚಪ್ಪಾಳೆ ತಟ್ಟುವಂಥದ್ದು. 1996ರಲ್ಲಿ ಕೋಲ್ಕತ್ತದಲ್ಲಿ ಮೊದಲ ಏಷ್ಯನ್ ಚಾಂಪಿಯನ್‌ಷಿಪ್ ನಡೆಯಿತು. ಪದಕದ ಲೆಕ್ಕದ ದೊಡ್ಡ ಕೂಟಕ್ಕೆ ಸೇರಲು ಮತ್ತೆ 20 ವರ್ಷ ಬೇಕಾಯಿತು. 2016ರ ಗುವಾಹಟಿ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಸಾರಿಕಾ ಕಾಳೆ ನಾಯಕತ್ವದ ತಂಡ ಚಿನ್ನ ಗೆದ್ದಿತು. 2019ರಲ್ಲಿ ಕಠ್ಮಂಡುವಿನಲ್ಲಿ ನಸ್ರೀನ್ ಶೇಖ್ ನಾಯಕತ್ವದಲ್ಲಿ ಮತ್ತೆ ಚಿನ್ನ. 2023ರ ಮಾರ್ಚ್‌ನಲ್ಲಿ ಅಸ್ಸಾಮಿನ ತಾಮುಲ್‌ಪುರದಲ್ಲಿ ಏಷ್ಯನ್ ಪ್ರಶಸ್ತಿ. ಈ ನಡುವೆ ಒಂದು ವಿಚಿತ್ರವಾದ ಖಾಲಿ ಜಾಗವಿದೆ. 1998ರಲ್ಲಿ ಶೋಭಾ ನಾರಾಯಣ ಅವರಿಗೆ ಅರ್ಜುನ ಸಿಕ್ಕ ಮೇಲೆ ಖೋ ಖೋಗೆ ಆ ಪ್ರಶಸ್ತಿ ಮತ್ತೆ ಬಂದದ್ದು 2020ರಲ್ಲಿ, ಸಾರಿಕಾ ಕಾಳೆಗೆ. 22 ವರ್ಷ! ಅಷ್ಟರಲ್ಲಿ ಒಂದು ಇಡೀ ತಲೆಮಾರಿನ ಆಟಗಾರ್ತಿಯರು ಬಂದು, ಆಡಿ, ಮದುವೆಯಾಗಿ, ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿದ್ದರು.

ಮಣ್ಣಿನ ಆಟ ಮ್ಯಾಟಿನ ಆಟವಾದದ್ದೂ ಈ ಅವಧಿಯಲ್ಲೇ. ಅದರಿಂದ ಮೈಗಾಯ ಕಡಿಮೆಯಾಯಿತು, ಟೆಲಿವಿಷನ್ನಿನಲ್ಲಿ ಆಟ ಚೆಂದ ಕಂಡಿತು. ಆದರೆ ಮಣ್ಣಿನಲ್ಲಿ ಜಾರುವ ಕಾಲು ಮ್ಯಾಟಿನಲ್ಲಿ ಕಚ್ಚಿಕೊಳ್ಳುತ್ತದೆ. ತಿರುವು ಹೊಡೆಯುವ ಅಂದಾಜೇ ಬೇರೆ. ಊರಿನಲ್ಲಿ ಮಣ್ಣಿನ ಮೇಲೆ ಕಲಿತ ಹುಡುಗಿ ಮೇಲಿನ ಹಂತದಲ್ಲಿ ಮೊದಲ ಬಾರಿ ಮ್ಯಾಟ್ ತುಳಿದಾಗ ಪಂದ್ಯದ ಮೊದಲ ಎರಡು ನಿಮಿಷವನ್ನು ಕಾಲು ಹೊಂದಿಸಿಕೊಳ್ಳುವುದರಲ್ಲೇ ಕಳೆಯುತ್ತಾಳೆ. ಖೋ ಖೋದಲ್ಲಿ ಎರಡು ನಿಮಿಷ ಬಹಳ ದೊಡ್ಡದು.

ಇನ್ನು ವಿಶ್ವಕಪ್. 2025ರ ಜನವರಿ 13ರಿಂದ 19ರವರೆಗೆ ನಡೆದ ಕೂಟಕ್ಕೆ ಮಹಿಳೆಯರ ವಿಭಾಗದಲ್ಲಿ 19 ತಂಡಗಳು ಬಂದಿದ್ದವು. ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ ನಾಯಕಿ. 15 ಮಂದಿಯ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಚೈತ್ರಾ ಒಬ್ಬರೇ. ಭಾರತದ ಮೊದಲ ಪಂದ್ಯ ಜನವರಿ 14ರಂದು, ಇಲ್ಲಿ ನಾವು ಎಳ್ಳು ಬೀರಿ ಕಬ್ಬು ಮುರಿಯುತ್ತಿದ್ದ ಸಂಕ್ರಾಂತಿಯ ದಿನ. ದಕ್ಷಿಣ ಕೊರಿಯಾ ವಿರುದ್ಧ 175-18. ಅಲ್ಲಿಂದ ಇರಾನ್, ಮಲೇಷ್ಯಾ. ಎಂಟರ ಘಟ್ಟದಲ್ಲಿ ಬಾಂಗ್ಲಾದೇಶ ವಿರುದ್ಧ 109-16. ನಾಲ್ಕರ ಘಟ್ಟದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 66-16. ಈ ಅಂಕಗಳನ್ನು ನೋಡಿ ಹೆಮ್ಮೆಪಡುವುದಕ್ಕಿಂತ ಸ್ವಲ್ಪ ಮುಜುಗರಪಡುವುದೇ ಸರಿ. ಕೆಲವು ದೇಶಗಳಿಗೆ ಇದು ಹೊಸ ಆಟ. ನಿಜವಾದ ಪಂದ್ಯ ಅಂತ ನಡೆದದ್ದು ಫೈನಲ್ ಒಂದೇ.

ಆ ಫೈನಲ್ಲನ್ನು ಅಂಕಪಟ್ಟಿಯ ಮೂಲಕವೇ ನೋಡೋಣ. ವಿಶ್ವಕಪ್ ಪದ್ಧತಿಯಲ್ಲಿ 7 ನಿಮಿಷದ ನಾಲ್ಕು ಸರದಿ. ಒಬ್ಬಳನ್ನು ಔಟ್ ಮಾಡಿದರೆ 2 ಅಂಕ. ಅಟ್ಟಿಸುವ ತಂಡದಲ್ಲಿ ‘ವಜೀರ್’ ಎಂಬ ಒಬ್ಬಳಿಗೆ ಯಾವ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯ. ಓಡುವವರಿಗೂ ಒಂದು ಆಸೆ ಇಟ್ಟಿದ್ದಾರೆ: ಮೂವರ ಬ್ಯಾಚು 3 ನಿಮಿಷ ಉಳಿದರೆ 1 ಅಂಕ, ಅಲ್ಲಿಂದಾಚೆ ಪ್ರತಿ 30 ಸೆಕೆಂಡಿಗೆ ಇನ್ನೊಂದು. ಇದಕ್ಕೆ ‘ಡ್ರೀಮ್ ರನ್’ ಎನ್ನುತ್ತಾರೆ. ಮೊದಲ ಸರದಿಯಲ್ಲಿ ಭಾರತ 34 ಗಳಿಸಿತು. ಎರಡನೆಯದರಲ್ಲಿ ನೇಪಾಳ 24 ತೆಗೆದುಕೊಂಡಿತು, ಭಾರತದ ಓಟಗಾರ್ತಿಯರು ಒಂದಂಕ ಸೇರಿಸಿದರು, 35-24. ಇಲ್ಲಿಯವರೆಗೆ ಪಂದ್ಯ ಯಾರ ಕೈಯಲ್ಲೂ ಇರಲಿಲ್ಲ. ಮೂರನೆಯ ಸರದಿಯಲ್ಲಿ ಭಾರತ 38 ಕಿತ್ತು 73ಕ್ಕೆ ಹೋಯಿತು. ನಾಲ್ಕನೆಯ ಸರದಿಯಲ್ಲಿ ನೇಪಾಳಕ್ಕೆ 50ರ ಹತ್ತಿರ ಬೇಕಿತ್ತು. ಆಗ ಒಳಗೆ ಬಂದದ್ದು ಚೈತ್ರಾ ಇದ್ದ ಬ್ಯಾಚು. 7 ನಿಮಿಷದ ಸರದಿಯಲ್ಲಿ ಅವರು 5 ನಿಮಿಷ 14 ಸೆಕೆಂಡು ಉಳಿದುಕೊಂಡರು. 3 ನಿಮಿಷಕ್ಕೆ ಒಂದು, ಮಿಕ್ಕ 2 ನಿಮಿಷ ಚಿಲ್ಲರೆಗೆ ನಾಲ್ಕು, ಒಟ್ಟು 5 ಅಂಕ. 73 ಇದ್ದದ್ದು 78 ಆಯಿತು. ಐದು ಅಂಕ ದೊಡ್ಡದಲ್ಲ. ಆ ಐದು ನಿಮಿಷ ನೇಪಾಳದ ಕೈಯಿಂದ ಜಾರಿಹೋದದ್ದು ದೊಡ್ಡದು. ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಚೈತ್ರಾಗೆ ಸಂದಿತು.

ಚೈತ್ರಾ ನಮ್ಮ ಜಿಲ್ಲೆಯವರಲ್ಲ, ಆದರೆ ದೂರದವರೂ ಅಲ್ಲ. ಅರಕೆರೆ ಕಡೆಯಿಂದ ಬನ್ನೂರು ದಾಟಿ ಹೋದರೆ ತಿ. ನರಸೀಪುರ ತಾಲ್ಲೂಕಿನ ಕುರುಬೂರು. ರೈತ ಮುಖಂಡ ಶಾಂತಕುಮಾರ್ ಅವರ ಹೆಸರಿನ ಹಿಂದೆ ಅಂಟಿಕೊಂಡು ಪತ್ರಿಕೆಗಳಲ್ಲಿ ಕಾಣುತ್ತಿದ್ದ ಊರು ಅದು. ಅದೇ ಕಾವೇರಿ, ಅದೇ ನಾಲೆ, ಅದೇ ಕಬ್ಬು ಭತ್ತ, ನಮ್ಮಂತೆಯೇ ಮಾತು. ಚೈತ್ರಾ ಅಲ್ಲಿನ ಕೃಷಿಕ ಕುಟುಂಬದವರು, ಊರಿನ ಶಾಲೆಯಲ್ಲೇ ಆಟ ಕಲಿತವರು. ಕುರುಬೂರಿಗೂ ನಮ್ಮ ಹೋಬಳಿಗಳಿಗೂ ಮಣ್ಣಿನಲ್ಲಿ ವ್ಯತ್ಯಾಸವಿಲ್ಲ, ಹುಡುಗಿಯರ ಕಾಲಿನಲ್ಲೂ ಇಲ್ಲ. ವ್ಯತ್ಯಾಸವಿರುವುದು ಒಂದೇ ಕಡೆ. ಅಲ್ಲಿ ಶಾಲೆಯ ಕೂಟ ಮುಗಿದ ಮೇಲೂ ಆಟ ಮುಗಿಯಲಿಲ್ಲ. ಕೋಚ್ ಊರಲ್ಲೇ ಇದ್ದರು, ಎಸ್ಸೆಸ್ಸೆಲ್ಸಿ ದಾಟಿದ ಹುಡುಗಿ ಮರುದಿನವೂ ಅಂಕಣಕ್ಕೆ ಬರಬಹುದಾಗಿತ್ತು.

ನಮ್ಮ ಏಣಿಯನ್ನು ನೋಡಿ. ಹೋಬಳಿ, ತಾಲ್ಲೂಕು, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ, ಅಲ್ಲಿಂದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಜತೆಗೆ ದಸರಾ ಕ್ರೀಡಾಕೂಟದ ತಾಲ್ಲೂಕು ಹಂತ. 2018ರಿಂದ ಖೇಲೋ ಇಂಡಿಯಾ. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಏಣಿ ಬೇಕಿಲ್ಲ, ಯಾವ ಹಳ್ಳಿಯ ಹುಡುಗಿಗೂ ಅರ್ಜಿ ಹಾಕದೆ, ದುಡ್ಡು ಕಟ್ಟದೆ ಮೊದಲ ಮೆಟ್ಟಿಲು ಸಿಗುತ್ತದೆ. ಆದರೆ ಇದು ಕೂಟಗಳ ಏಣಿ, ಅಭ್ಯಾಸದ ಏಣಿಯಲ್ಲ. ವರ್ಷದಲ್ಲಿ ಕೆಲವು ವಾರ ಆಟ ಉಕ್ಕುತ್ತದೆ. ಸೋತ ದಿನವೇ ಕಂಬ ಕಿತ್ತು ಸ್ಟೋರಿಗೆ ಹಾಕುತ್ತಾರೆ. ಪಿಯುಸಿಗೆ ಬಂದರೆ ಬೇರೆ ಇಲಾಖೆ, ಬೇರೆ ಕೂಟ, ಬೇರೆ ಊರಿನ ಕಾಲೇಜು. ಹತ್ತನೇ ತರಗತಿಯ ಒಳ್ಳೆಯ ಓಟಗಾರ್ತಿ ಎರಡು ವರ್ಷದಲ್ಲಿ ಎಲ್ಲಿದ್ದಾಳೆ ಎಂದು ಯಾರನ್ನಾದರೂ ಕೇಳಿ. ಬಿ.ಕಾಂ. ಓದುತ್ತಿದ್ದಾಳೆ, ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ, ಮದುವೆಯಾಯಿತು ಎನ್ನುತ್ತಾರೆ. ಆಡುತ್ತಿದ್ದಾಳೆ ಎನ್ನುವವರು ಅಪರೂಪ.

ಮೇಲಿನ ತುದಿಯಲ್ಲೂ ಇದೇ ಕತೆ ಬೇರೆ ಬಟ್ಟೆ ತೊಟ್ಟು ನಿಂತಿದೆ. 2022ರಲ್ಲಿ ಅಲ್ಟಿಮೇಟ್ ಖೋ ಖೋ ಎಂಬ ವೃತ್ತಿಪರ ಲೀಗು ಬಂತು, ಆರು ತಂಡಗಳು, ಟಿವಿಯಲ್ಲಿ ನೇರ ಪ್ರಸಾರ. ಮೊದಲ ಎರಡು ಆವೃತ್ತಿಗಳೂ ಪುರುಷರದ್ದೇ. ವಿಶ್ವಕಪ್ ಗೆದ್ದ ಮೇಲೆ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ, ಸರ್ಕಾರಿ ನೌಕರಿ ಎಂದು ಘೋಷಿಸಿತು. ನಮ್ಮ ರಾಜ್ಯ ಸರ್ಕಾರ ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್‌ಗೂ ಚೈತ್ರಾಗೂ ತಲಾ 5 ಲಕ್ಷ ಎಂದಿತು. ಇಬ್ಬರೂ ಅದನ್ನು ಆಗ ಸ್ವೀಕರಿಸಲಿಲ್ಲ. ಅದು ದುರಾಸೆ ಎಂದು ಕಟ್ಟೆಯ ಮೇಲೆ ಕೂತು ಮಾತಾಡಿದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ವಾಲಿಬಾಲ್, ಕಬಡ್ಡಿಯ ಹಿಂದೆ ಪೊಲೀಸ್, ರೈಲ್ವೆ, ಬ್ಯಾಂಕಿನ ನೌಕರಿಯ ಆಸೆ ಇದ್ದದ್ದರಿಂದಲೇ ಮನೆಯವರು ಮಕ್ಕಳನ್ನು ಬಿಟ್ಟರು. ಖೋ ಖೋ ಆಡುವ ಹುಡುಗಿಯ ಅಪ್ಪನೂ ಅದೇ ಪ್ರಶ್ನೆ ಕೇಳುತ್ತಾನೆ: ‘ಇದರಿಂದ ಮುಂದೆ ಏನು, ಮೇಷ್ಟ್ರೇ?’ ಮೇಷ್ಟ್ರ ಬಳಿ ಹೇಳಲು ಒಂದು ಉತ್ತರ ಇರಬೇಕಲ್ಲ.

ಇದನ್ನು ಓದುವವರಲ್ಲಿ ಶಾಸಕರು, ಅಧಿಕಾರಿಗಳು, ಹಳೆಯ ವಿದ್ಯಾರ್ಥಿಗಳು ಇರುತ್ತಾರೆ ಎಂಬ ಧೈರ್ಯದಿಂದ ಮುಂದಿನದನ್ನು ಬರೆಯುತ್ತಿದ್ದೇನೆ. ಕ್ರೀಡಾಂಗಣ ಕಟ್ಟುವ ಮಾತು ಬಂದಾಗಲೆಲ್ಲ ನಮಗೆ ಗ್ಯಾಲರಿ, ಕಮಾನು, ಶಂಕುಸ್ಥಾಪನೆಯ ಕಲ್ಲು ನೆನಪಾಗುತ್ತವೆ. ಖೋ ಖೋಗೆ ಅದ್ಯಾವುದೂ ಬೇಡ. 27 ಮೀಟರ್ ಉದ್ದ, 16 ಮೀಟರ್ ಅಗಲದ ಅಂಕಣ ಹಿಡಿಯುವ ಒಂದು ಶೆಡ್ಡು, ಅದಕ್ಕೆ ಮ್ಯಾಟು, ನಾಲ್ಕು ದೀಪ, ವರ್ಷವಿಡೀ ಇರುವ ಒಬ್ಬ ಕೋಚ್, ಸಾಧ್ಯವಾದರೆ ಆಡಿದ ಹೆಣ್ಣುಮಗಳೇ. ಉಪವಿಭಾಗದ ಕೇಂದ್ರ ಪಾಂಡವಪುರದಲ್ಲಿ ಇಂಥದ್ದೊಂದು ಬಂದರೂ ಶ್ರೀರಂಗಪಟ್ಟಣದವರು ಬಂದು ಹೋಗಬಹುದು. ಕಿಕ್ಕೇರಿ, ಸಂತೇಬಾಚಹಳ್ಳಿ, ಹೊಣಕೆರೆ ಕಡೆಯವರಿಗೆ ಅದು ದೂರ. ಆದ್ದರಿಂದ ಕೆ.ಆರ್. ಪೇಟೆಯಲ್ಲೂ ನಾಗಮಂಗಲದಲ್ಲೂ ಬೇರೆಯೇ ಅಭ್ಯಾಸ ಕೇಂದ್ರ ಬೇಕು. ಮ್ಯಾಟು ತಡವಾದರೆ ಮಣ್ಣಿನಲ್ಲೇ ಶುರುವಾಗಲಿ. ಇದೆಲ್ಲಕ್ಕಿಂತ ಮೊದಲು ಅಭ್ಯಾಸ ಮುಗಿಯುವ ಹೊತ್ತಿಗೆ, ಸಂಜೆ ಆರೂವರೆಗೆ, ಹೋಬಳಿ ಕೇಂದ್ರಗಳ ಕಡೆಗೆ ಹೊರಡುವ ಒಂದು ಬಸ್ಸು ಬೇಕು. ಅದಕ್ಕೆ ಯಾವ ಕ್ರೀಡಾ ಅನುದಾನವನ್ನೂ ಕಾಯಬೇಕಿಲ್ಲ. ಡಿಪೋ ಮ್ಯಾನೇಜರಿಗೆ ಒಂದು ಪತ್ರ ಬರೆದು ಶುರು ಮಾಡಬಹುದು.